ಕಾಲು ಕಳೆದುಕೊಂಡವರಿಗೆ ಕಯಾಕ್: ಸ್ಟಂಪ್ ಮಾಗಿದ ದಿನದಿಂದ ಹಿನ್ನೀರಿಗೆ ಇಳಿಯುವವರೆಗೆ

ಕಾಲು ಕಳೆದುಕೊಂಡವರು ನೀರಿನ ಆಟಕ್ಕೆ ಹೊರಟಾಗ ಪೆಟ್ಟು ಬೀಳುವುದು ಹೆಚ್ಚಾಗಿ ದಡದಲ್ಲೇ. ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಊರುಗೋಲು ಜಾರುತ್ತದೆ, ಮರಳಿನಲ್ಲಿ ಗಾಲಿಕುರ್ಚಿ ಹೂತುಹೋಗುತ್ತದೆ, ಸಹಾಯಕ್ಕೆ ಬಂದ ಹುಡುಗರು ಕೈ ಹಿಡಿದು ಎಳೆದು ಭುಜ ಉಳುಕಿಸುತ್ತಾರೆ. ನಡುನೀರಿಗೆ ಹೋದ ಮೇಲೆ ಪರಿಸ್ಥಿತಿ ಸುಧಾರಿಸುತ್ತದೆ. ಅದಕ್ಕೇ ಈ ಲೇಖನದಲ್ಲಿ ಹುಟ್ಟು ಹಾಕುವ ಕೌಶಲಕ್ಕಿಂತ ಹತ್ತುವುದು, ಕೂರುವುದು, ಇಳಿಯುವುದು ಮತ್ತು ಚರ್ಮದ ಆರೈಕೆಗೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಸರ್ಫಿಂಗ್, ರಾಫ್ಟಿಂಗ್, ಸ್ಕೂಬಾ ಎಲ್ಲ ಇರುವಾಗ ಕಯಾಕ್‌ನಿಂದಲೇ ಏಕೆ ಶುರು ಮಾಡಬೇಕು? ಕಯಾಕ್ ಎಂದರೆ ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ; ಇದು ಕೂತು ಆಡುವ ಆಟ. ಸೀಟು ಸರಿಯಾಗಿ ಹೊಂದಿಸಿಕೊಂಡರೆ ಕಾಲು ಒಂದಿದೆಯೋ ಎರಡೂ ಇಲ್ಲವೋ ಎಂಬ ವ್ಯತ್ಯಾಸ ಬಹುಪಾಲು ಕರಗಿಹೋಗುತ್ತದೆ. ಪ್ರತಿ ಹುಟ್ಟಿಗೂ ಸೊಂಟದಿಂದ ಮೇಲಿನ ದೇಹ ಎಡಬಲಕ್ಕೆ ತಿರುಗುತ್ತದೆ. ಹೊಟ್ಟೆ, ಬೆನ್ನು, ಪೃಷ್ಠದ ಸ್ನಾಯುಗಳು ತಾವಾಗಿಯೇ ಸಮತೋಲನ ಹಿಡಿಯುತ್ತವೆ. ಕೃತಕ ಕಾಲಿನಲ್ಲಿ ನಡೆಯಲು ಬೇಕಾಗುವುದೂ ಇದೇ ಸ್ನಾಯುಗಳು. 2016ರ ರಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಪ್ಯಾರಾ ಕನೂ (ಅಂಗವಿಕಲರ ಸಣ್ಣ ದೋಣಿಗಳ ಓಟ) ಮೊದಲ ಬಾರಿ ಸೇರಿತು. ಅಲ್ಲಿನ ಕಯಾಕ್ ಓಟ 200 ಮೀಟರ್‌ನದು; ದೇಹದ ಬಳಕೆಯನ್ನು ನೋಡಿ ಕೆಎಲ್1, ಕೆಎಲ್2, ಕೆಎಲ್3 ಎಂದು ವರ್ಗ ಮಾಡುತ್ತಾರೆ. ಟೋಕಿಯೊದಲ್ಲಿ ಭಾರತದ ಪರವಾಗಿ ಪ್ಯಾರಾ ಕನೂಗೆ ಇಳಿದ ಮೊದಲಿಗರು ಪ್ರಾಚಿ ಯಾದವ್. ನಿಮಗೆ ಪದಕದ ಗುರಿ ಇಲ್ಲದಿರಬಹುದು. ಆದರೂ ದೋಣಿಯನ್ನು ದೇಹಕ್ಕೆ ಹೊಂದಿಸುವ ವಿದ್ಯೆ ಅಲ್ಲಿಯದೂ ಇಲ್ಲಿಯದೂ ಒಂದೇ.

ಮೊದಲು ಸ್ಟಂಪ್, ಆಮೇಲೆ ನೀರು

ಸ್ಟಂಪ್ ಎಂದರೆ ಕತ್ತರಿಸಿದ ಮೇಲೆ ಉಳಿದ ಕಾಲಿನ ತುಂಡು. ಅದರ ಹೊಲಿಗೆ ಬಿಚ್ಚಿದ ಮಾತ್ರಕ್ಕೆ ಗಾಯ ಮಾಗಿತು ಎಂದಲ್ಲ. ಗಾಯದ ಗೆರೆ ಉದ್ದಕ್ಕೂ ಒಣಗಿ ಮುಚ್ಚಿರಬೇಕು. ಎಲ್ಲೂ ಹಕ್ಕಳೆ, ಒಸರು, ತೇವ ಇರಬಾರದು. ಅಪಘಾತದಲ್ಲಿ ಕಾಲು ಹೋದ ಆರೋಗ್ಯವಂತ ಯುವಕರಿಗೆ ಇದಕ್ಕೆ ಸಾಮಾನ್ಯವಾಗಿ ಆರೆಂಟು ವಾರ ಹಿಡಿಯುತ್ತದೆ. ಸಕ್ಕರೆ ಕಾಯಿಲೆ ಅಥವಾ ರಕ್ತನಾಳದ ತೊಂದರೆಯಿಂದ ಕಾಲು ತೆಗೆದಿದ್ದರೆ ಇನ್ನೂ ಹೆಚ್ಚು. ಜಲನಿರೋಧಕ ಪಟ್ಟಿ ಅಂಟಿಸಿಕೊಂಡು ಇಳಿಯುತ್ತೇನೆ ಎಂಬ ಯೋಚನೆ ಬೇಡ. ಅರ್ಧ ಗಂಟೆಯಲ್ಲಿ ಅದರ ಅಂಚು ಏಳುತ್ತದೆ, ಒಳಗೆ ನಿಂತ ನೀರು ಗಾಯವನ್ನು ಮೆತ್ತಗೆ ಮಾಡುತ್ತದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಸ್ಟಂಪನ್ನು 20 ನಿಮಿಷ ಉಗುರು ಬೆಚ್ಚಗಿನ ನೀರಿನ ಬಕೆಟ್‌ನಲ್ಲಿ ಇಳಿಬಿಡಿ. ಹೊರತೆಗೆದು ಒರೆಸಿ, ಒಂದು ಕನ್ನಡಿ ಹಿಡಿದು ತುದಿಯನ್ನೂ ಹಿಂಬದಿಯನ್ನೂ ನೋಡಿ. ಚರ್ಮ ಬೆಳ್ಳಗೆ ಸುಕ್ಕಾಗುವುದು ಸಹಜ. ಗೆರೆಯಲ್ಲಿ ಬಿರುಕು ಕಾಣಿಸಿದರೆ, ಮುಟ್ಟಿದಾಗ ಪದರ ಎದ್ದು ಬಂದರೆ ಇನ್ನೂ ಮೂರು ವಾರ ಕಾಯಿರಿ.

ರಕ್ತನಾಳದ ಕಾಯಿಲೆಯಿಂದ ಕಾಲು ಹೋದವರು ಹೃದಯ ಪರೀಕ್ಷೆ ಮಾಡಿಸದೆ ಕೊಳಕ್ಕೂ ಇಳಿಯಬಾರದು. ಎದೆಮಟ್ಟದ ನೀರಿನಲ್ಲಿ ಕೈಕಾಲಿನ ರಕ್ತ ಎದೆಯತ್ತ ಸರಿದು ಹೃದಯದ ಕೆಲಸ ಹೆಚ್ಚುತ್ತದೆ, ಮತ್ತು ಕಾಲಿನ ನಾಳ ಕಟ್ಟಿಕೊಂಡವರಲ್ಲಿ ಹೃದಯದ ನಾಳವೂ ಸರಿ ಇಲ್ಲದಿರುವುದು ಅಪರೂಪವಲ್ಲ. ಸಕ್ಕರೆ ಕಾಯಿಲೆಯವರು ಉಳಿದ ಕಾಲಿಗೆ ದಪ್ಪ ಅಟ್ಟೆಯ, ಹಿಮ್ಮಡಿ ಮುಚ್ಚುವ ನೀರಿನ ಬೂಟು ಹಾಕಲೇಬೇಕು. ಬಂಡೆಗೆ ಅಂಟಿದ ಚಿಪ್ಪು ಬ್ಲೇಡಿನಂತೆ ಕೊಯ್ಯುತ್ತದೆ, ಸ್ಪರ್ಶ ಕಡಿಮೆಯಾದ ಪಾದಕ್ಕೆ ಅದು ಗೊತ್ತೇ ಆಗುವುದಿಲ್ಲ. ಉಳಿದಿರುವುದು ಒಂದೇ ಕಾಲು ಎಂಬುದನ್ನು ಇಲ್ಲಿ ಮರೆಯುವ ಹಾಗಿಲ್ಲ. ಗ್ಲೂಕೋಸ್ ಪೊಟ್ಟಣ ಲೈಫ್ ಜಾಕೆಟ್‌ನ ಜೇಬಿನಲ್ಲಿರಲಿ, ದಡದ ಚೀಲದಲ್ಲಲ್ಲ.

ಮಳೆಗಾಲದ ನಿಂತ ನೀರು, ಗದ್ದೆಯಿಂದ ಹರಿದು ಬರುವ ಕೆಂಪು ನೀರಿಗೆ ಇಳಿಯಬೇಡಿ. ಕರಾವಳಿಯಲ್ಲಿ ಇಲಿಜ್ವರ ಹರಡುವುದು ಇದೇ ದಾರಿಯಲ್ಲಿ, ತರಚಿದ ಚರ್ಮವೇ ಅದಕ್ಕೆ ಬಾಗಿಲು.

ಕೊಳದಲ್ಲಿ ತಯಾರಿ

ದೋಣಿಗೆ ಮುಂಚೆ ಈಜುಕೊಳ. ಓಟದ ಈಜು ಕಲಿಯಬೇಕಿಲ್ಲ. ನೀರಿನಲ್ಲಿ ದೇಹ ತಿರುಗುವುದನ್ನು ತಡೆಯಲು, ಬೇಕೆಂದಾಗ ತಿರುಗಲು ಬಂದರೆ ಸಾಕು. ಜೇಮ್ಸ್ ಮೆಕ್‌ಮಿಲನ್ ಎಂಬ ಎಂಜಿನಿಯರ್ 1949ರಲ್ಲಿ ಲಂಡನ್ನಿನ ಹ್ಯಾಲಿವಿಕ್ ಶಾಲೆಯ ಅಂಗವಿಕಲ ಮಕ್ಕಳಿಗಾಗಿ ಕಟ್ಟಿದ ಹತ್ತು ಹಂತಗಳ ಪದ್ಧತಿಯ ತಿರುಳೂ ಇದೇ. ನಿಮ್ಮ ಫಿಸಿಯೋಗೆ 'ಹ್ಯಾಲಿವಿಕ್' ಎಂದರೆ ಅರ್ಥವಾಗುತ್ತದೆ.

ತೊಂದರೆಯ ಮೂಲ ತೂಕದ ಲೆಕ್ಕ. ಸೊಂಟದಿಂದ ಪಾದದವರೆಗಿನ ಒಂದು ಕಾಲು ದೇಹದ ತೂಕದ ಸುಮಾರು 16 ಶೇಕಡಾ. ಮೊಣಕಾಲಿನ ಕೆಳಭಾಗ ಮಾತ್ರ ಸುಮಾರು 6 ಶೇಕಡಾ. 60 ಕೆಜಿ ಮನುಷ್ಯನಿಗೆ ತೊಡೆಯ ಮೇಲ್ಭಾಗದಲ್ಲಿ ಕತ್ತರಿಸಿದ್ದರೆ ಒಂದು ಬದಿಯಲ್ಲಿ ಎಂಟೊಂಬತ್ತು ಕೆಜಿ ಮಾಯ. ಅಂಗಾತ ತೇಲಿದಾಗ ಇರುವ ಕಾಲಿನ ಬದಿ ಮುಳುಗುತ್ತದೆ, ದೇಹ ಆ ಕಡೆಗೆ ಉರುಳುತ್ತದೆ. ಪರಿಹಾರ ಸುಲಭ: ಇರುವ ಕಾಲನ್ನು ಮಧ್ಯರೇಖೆಗೆ, ಸ್ಟಂಪಿನ ಕಡೆಗೆ ತನ್ನಿ. ತಲೆಯನ್ನು ಕಾಲಿಲ್ಲದ ಬದಿಗೆ ಸ್ವಲ್ಪ ತಿರುಗಿಸಿ. ಕೈಗಳು ನೀರಿನ ಒಳಗೇ ಅಗಲವಾಗಿರಲಿ. ಗಾಬರಿಯಲ್ಲಿ ಕೈ ಮೇಲೆತ್ತಿದರೆ ಆ ಕೈಯ ಭಾರವೂ ಸೇರಿ ಉರುಳುವಿಕೆ ಹೆಚ್ಚುತ್ತದೆ.

ಎರಡೂ ಕಾಲು ಮೊಣಕಾಲಿನ ಮೇಲೆ ಹೋದವರಿಗೆ ಸಮಸ್ಯೆ ಬೇರೆ. ಸೊಂಟ ಹಗುರವಾಗಿ ಮೇಲೇಳುತ್ತದೆ, ಕೆಳಗೆ ಜಗ್ಗಲು ಕಾಲಿಲ್ಲ. ಬೋರಲಾದರೆ ಮುಖ ಎತ್ತಲು ಕಷ್ಟ. ಇವರು ಬೋರಲಿನಿಂದ ಅಂಗಾತ ಉರುಳುವುದನ್ನು ಎರಡೂ ಬದಿಗೆ, ಜಾಕೆಟ್ ಹಾಕಿಕೊಂಡೂ ಹಾಕದೆಯೂ, ಸಾಲಾಗಿ ಹತ್ತು ಸಲ ತಪ್ಪಿಲ್ಲದೆ ಮಾಡುವವರೆಗೆ ದೋಣಿಯ ಮಾತೇ ಬೇಡ.

ಲೈಫ್ ಜಾಕೆಟ್ ಪರೀಕ್ಷೆಯೂ ಕೊಳದಲ್ಲೇ ಆಗಲಿ. ಒಳಗಿನ ಚೀಟಿ ನೋಡಿ: 50 ನ್ಯೂಟನ್ ಎಂದಿದ್ದರೆ ಅದು ತೇಲಲು ನೆರವಾಗುತ್ತದೆ ಅಷ್ಟೆ, ಮುಖ ಮೇಲೆ ಮಾಡುವುದಿಲ್ಲ. ಬೆನ್ನಿಗೂ ಎದೆಗೂ ಒಂದೇ ದಪ್ಪದ ಫೋಮ್ ಇರುವ ಅಗ್ಗದ ಜಾಕೆಟ್ ಕಾಲಿಲ್ಲದವರನ್ನು ಬೋರಲು ಕೆಡವಬಹುದು. ಎದೆಯಲ್ಲಿ ಫೋಮ್ ಹೆಚ್ಚಿರುವುದನ್ನು ಆರಿಸಿ. ಹೆಬ್ಬೆರಳಿನಿಂದ ಫೋಮ್ ಒತ್ತಿ ಬಿಡಿ. ತಟ್ಟನೆ ಉಬ್ಬದೆ ಗುಳಿ ಹಾಗೇ ಉಳಿದರೆ ಆ ಜಾಕೆಟ್ ಸತ್ತಿದೆ, ಬೇರೆ ಕೇಳಿ. ತೊಡೆಯ ನಡುವೆ ಹಾದುಹೋಗುವ ಪಟ್ಟಿ ಕಡ್ಡಾಯ. ಇಲ್ಲದಿದ್ದರೆ ಜಾಕೆಟ್ ಕಿವಿಯವರೆಗೆ ಏರುತ್ತದೆ. ಎಲ್ಲ ಬಿಗಿದ ಮೇಲೆ ಯಾರಾದರೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲಿ. ಗಲ್ಲ ಮುಟ್ಟಿದರೆ ಇನ್ನೂ ಬಿಗಿಯಬೇಕು.

ಕೊಳದ ಬಾಗಿಲಲ್ಲಿ 'ಬೇರೆಯವರಿಗೆ ಮುಜುಗರ' ಎಂದು ತಡೆಯುವವರು ಈಗಲೂ ಸಿಗುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೇ ಸೆಕ್ಷನ್ ಕ್ರೀಡೆಯ ಬಗ್ಗೆಯೇ ಇದೆ. ಅದರ ಒಂದು ಪ್ರತಿ ಫೋನಿನಲ್ಲಿರಲಿ. ಬೆಂಗಳೂರಿನ ಶರತ್ ಗಾಯಕವಾಡ್ 2014ರ ಏಷ್ಯನ್ ಪ್ಯಾರಾ ಕ್ರೀಡಾಕೂಟದ ಈಜಿನಲ್ಲಿ ಆರು ಪದಕ ತಂದದ್ದನ್ನು ನೆನಪಿಸಿದರೂ ನಡೆಯುತ್ತದೆ.

ಕೃತಕ ಕಾಲು: ಹಾಕಬೇಕೆ, ಬಿಚ್ಚಬೇಕೆ?

ದೋಣಿಯಲ್ಲಿ ಬಿಚ್ಚಿಡುವುದೇ ಸರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಒಳಗೆ ಕಾಲು ತೂರಿಸಿ ಕೂರುವ ಕಯಾಕ್ ಮಗುಚಿದಾಗ ಕೃತಕ ಪಾದ ಅಂಚಿಗೆ ಸಿಕ್ಕಿಕೊಳ್ಳಬಹುದು. ಟೊಳ್ಳಾದ ಕಾಲಿನಲ್ಲಿ ಗಾಳಿ ತುಂಬಿದ್ದರೆ ಅದು ಮೇಲಕ್ಕೆ ತೇಲಿ ತಲೆಯನ್ನು ಕೆಳಗೆ ಮಾಡುತ್ತದೆ, ನೀರು ತುಂಬಿದರೆ ದಡ ಹತ್ತುವಾಗ ಭಾರವಾಗುತ್ತದೆ. ಎಲೆಕ್ಟ್ರಾನಿಕ್ ಮೊಣಕಾಲು ಇರುವವರಂತೂ ಅದನ್ನು ಕಾರಿನಲ್ಲೇ ಬಿಟ್ಟು ಬರುವುದು ಲೇಸು.

ಆದರೆ ಕಾರಿನಿಂದ ನೀರಿನ ಅಂಚಿನವರೆಗೆ ಒಂದು ಕಾಲು ಬೇಕಲ್ಲ? ಅದಕ್ಕೆ ಹಳೆಯದನ್ನು ಇಟ್ಟುಕೊಳ್ಳಿ. ಹೊಸ ಕಾಲು ಬಂದಾಗ ಹಳೆಯದನ್ನು ಅಟ್ಟಕ್ಕೆ ಎಸೆಯುವ ಬದಲು 'ನೀರಿನ ಕಾಲು' ಮಾಡಿಸಬಹುದು. 1968ರಲ್ಲಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಠಿ ರೂಪಿಸಿದ ಜೈಪುರ ಪಾದ ಇದಕ್ಕೆ ಹೇಳಿ ಮಾಡಿಸಿದ್ದು. ಕೆಸರು, ಗದ್ದೆ, ಬರಿಗಾಲ ನಡಿಗೆಯನ್ನು ಮನಸ್ಸಿನಲ್ಲಿಟ್ಟೇ ಮಾಡಿದ ಪಾದವದು. ಒಂದೇ ಎಚ್ಚರಿಕೆ: ಹೊರಗಿನ ರಬ್ಬರ್ ಬಿರಿದಿದ್ದರೆ ಒಳಗಿನ ಮರದ ತುಂಡು ನೀರು ಕುಡಿದು ಉಬ್ಬುತ್ತದೆ. ಬಿರುಕು ಕಂಡರೆ ಪಾದ ಬದಲಿಸಿ. ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಕೊಳವೆಯ ಕಾಲಾದರೆ ಕಣಕಾಲಿನ ಬಳಿ ನೀರು ಇಳಿಯಲು ಒಂದು ತೂತು, ಮೇಲ್ಗಡೆ ಗಾಳಿ ಹೋಗಲು ಇನ್ನೊಂದು, ಸುಮಾರು 8 ಮಿ.ಮೀ.ನವು ಸಾಕು. ಭಾರ ಹೊರುವ ಜಾಗ ಯಾವುದು ಎಂದು ಗೊತ್ತಿರುವುದು ಕಾಲು ಮಾಡಿದ ತಂತ್ರಜ್ಞರಿಗೆ. ಡ್ರಿಲ್ಲಿಂಗ್ ಅವರೇ ಮಾಡಲಿ.

ಪಿನ್ ಲಾಕ್ (ಸ್ಟಂಪನ್ನು ಕೃತಕ ಕಾಲಿಗೆ ಹಿಡಿದಿಡುವ ಬೀಗ) ಇರುವ ಕಾಲನ್ನು ಮರಳಿನಲ್ಲಿ ಬಳಸಿದರೆ ಲಾಕಿನೊಳಗೆ ಮರಳು ಸೇರಿ ಗುಂಡಿ ಒತ್ತಿದರೂ ಕಾಲು ಬಿಚ್ಚಿಕೊಳ್ಳುವುದಿಲ್ಲ. ಹೀಗಾದಾಗ ಎಳೆದಾಡಬೇಡಿ. ಗುಂಡಿಯನ್ನು ಒತ್ತಿ ಹಿಡಿದು ಲಾಕಿನ ಸುತ್ತ ಸಿಹಿನೀರು ಸುರಿಯುತ್ತಾ, ಸ್ಟಂಪನ್ನು ಒಮ್ಮೆ ಒಳಕ್ಕೆ ಒತ್ತಿ ಆಮೇಲೆ ಹೊರತೆಗೆಯಿರಿ.

ಸೀಟು: ಕೃತಕ ಕಾಲಿನ ಸಾಕೆಟ್ (ಸ್ಟಂಪ್ ಕೂರುವ ಬಟ್ಟಲು) ಹೊಂದಿಸಿದಷ್ಟೇ ಶ್ರದ್ಧೆಯಿಂದ

ಮೊದಲ ವರ್ಷಕ್ಕೆ ಮೇಲೆ ಕೂರುವ ಬಗೆಯ ಕಯಾಕ್ ಆರಿಸಿ. 75ರಿಂದ 85 ಸೆಂ.ಮೀ. ಅಗಲ, ತಳದಲ್ಲಿ ನೀರು ಹರಿದುಹೋಗುವ ತೂತುಗಳು, ಎತ್ತರದ ಬೆನ್ನೊರಗು ಇರಲಿ. ಹುಟ್ಟು 230ರಿಂದ 240 ಸೆಂ.ಮೀ. ಉದ್ದದ್ದು. ಅಗಲದ ದೋಣಿಗೆ ಗಿಡ್ಡ ಹುಟ್ಟು ಹಾಕಿದರೆ ಗೆಣ್ಣು ಅಂಚಿಗೆ ತಾಗುತ್ತದೆ.

ಹುಟ್ಟು ಹಾಕುವವರು ಬಲ ತೆಗೆಯುವುದು ತೋಳಿನಿಂದ ಎಂದು ತೋರುತ್ತದೆ. ನಿಜಕ್ಕೂ ಬಲಗಡೆ ಹುಟ್ಟು ಎಳೆಯುವಾಗ ಬಲಗಾಲು ಮುಂದಿನ ಮೆಟ್ಟನ್ನು (ಪಾದ ಊರುವ ಆಸರೆಯನ್ನು) ಒತ್ತುತ್ತದೆ. ಬಲಗಾಲಿಲ್ಲದವರಿಗೆ ಆ ಒತ್ತು ಸಿಗದೆ ಬಲಗಡೆಯ ಎಳೆತ ಸೋಲುತ್ತದೆ, ದೋಣಿ ಬಲಕ್ಕೆ ತಿರುಗುತ್ತಾ ಹೋಗುತ್ತದೆ. ತರಬೇತುದಾರರು 'ಬಲಗೈ ಜೋರಾಗಿ' ಎಂದು ಕೂಗುತ್ತಾರೆ, ಎರಡು ವಾರದಲ್ಲಿ ಬಲಭುಜ ನೋಯತೊಡಗುತ್ತದೆ. ಇಲ್ಲಿ ತಪ್ಪು ಕೈಯದ್ದಲ್ಲ, ಸೀಟಿನದ್ದು.

ಫೋಮ್ ತುಂಡಿನಿಂದ ಇದನ್ನು ಸರಿಪಡಿಸಬಹುದು. ಚಪ್ಪಲಿಯ ಅಟ್ಟೆಗೆ ಬಳಸುವ 10–12 ಮಿ.ಮೀ. ಈವಿಎ ಹಾಳೆ ಚರ್ಮದ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಸೋಫಾದ ಸ್ಪಂಜು ಬೇಡವೇ ಬೇಡ. ನೀರು ಹೀರಿ ಮುದ್ದೆಯಾಗುತ್ತದೆ.

ದೋಣಿಯನ್ನು ನೆಲದ ಮೇಲಿಟ್ಟು, ಅಲ್ಲಾಡದಂತೆ ಎರಡೂ ಬದಿಗೆ ಇಟ್ಟಿಗೆ ಕೊಟ್ಟು, ಕಾಲು ಬಿಚ್ಚಿ ಕೂತುಕೊಳ್ಳಿ. ಹಿಂದಿನಿಂದ ಒಬ್ಬರು ಸೊಂಟದ ಎರಡೂ ಮೂಳೆ ಒಂದೇ ಮಟ್ಟದಲ್ಲಿದೆಯೇ ನೋಡಲಿ. ಒಂದು ಬದಿಯ ಪೃಷ್ಠದ ಸ್ನಾಯು ಸೊರಗಿದ್ದರೆ ಆ ಕಡೆ ಒಂದು ಪದರ ಹಾಳೆ ಸೇರಿಸಿ. ಈಗ ಸ್ಟಂಪ್ ಸಹಜವಾಗಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿ. ಐದಾರು ಪದರ ಹಾಳೆಯನ್ನು ಒಂದರ ಮೇಲೊಂದು ಅಂಟಿಸಿ, ಒಂದು ದಿನ ಒಣಗಲು ಬಿಟ್ಟು, ತೊಡೆಯ ಆಕಾರಕ್ಕೆ ತೊಟ್ಟಿಲಿನಂತೆ ಕೊರೆಯಿರಿ. ತರಕಾರಿ ಚಾಕುವಿಗಿಂತ ಗರಗಸದ ಹಲ್ಲಿರುವ ಬ್ರೆಡ್ ಚಾಕು ಚೆನ್ನಾಗಿ ಕೊರೆಯುತ್ತದೆ. ಕೊನೆಗೆ ಉಪ್ಪುಕಾಗದದಿಂದ ತಿಕ್ಕಿ ನಯ ಮಾಡಿ.

ಒತ್ತಡ ಎಲ್ಲಿ ಬೀಳಬೇಕು ಎಂಬುದೇ ಮುಖ್ಯ. ಮೊಣಕಾಲಿನ ಮೇಲೆ ಕತ್ತರಿಸಿದವರಿಗೆ ತೊಡೆಯ ಹೊರಬದಿ ಮತ್ತು ಮೇಲ್ಬದಿಯಲ್ಲಿ ತಾಗಲಿ. ತುದಿಗೂ ಫೋಮಿಗೂ ನಡುವೆ 2 ಸೆಂ.ಮೀ. ಜಾಗ ಖಾಲಿ ಇರಲಿ, ಇಲ್ಲದಿದ್ದರೆ ಪ್ರತಿ ಹುಟ್ಟಿಗೂ ಕತ್ತರಿಸಿದ ಮೂಳೆಯ ತುದಿ ಒಳಗಿನಿಂದ ಚರ್ಮವನ್ನು ಚುಚ್ಚುತ್ತದೆ. ಮೊಣಕಾಲಿನ ಕೆಳಗೆ ಕತ್ತರಿಸಿದವರಿಗೆ ಮೊಣಕಾಲ ಚಿಪ್ಪಿನ ಕೆಳಗಿನ ಸ್ನಾಯುರಜ್ಜು ಒತ್ತಡ ತಡೆದುಕೊಳ್ಳುತ್ತದೆ. ಮುಂಗಾಲ ಮೂಳೆಯ ಚೂಪು ಅಂಚು, ಹೊರಬದಿಯ ಗುಬುಟು ತಡೆದುಕೊಳ್ಳುವುದಿಲ್ಲ. ಅಲ್ಲಿ ಫೋಮನ್ನು ಹೊಂಡ ಮಾಡಿ. ಇರುವ ಕಾಲಿನ ಮೆಟ್ಟನ್ನು ಮೊಣಕಾಲು ಸ್ವಲ್ಪ ಮಡಚಿ ನಿಲ್ಲುವಷ್ಟು ಹತ್ತಿರ ತನ್ನಿ.

ಈ ತೊಟ್ಟಿಲನ್ನು ದೋಣಿಗೆ ಅಂಟಿಸಲು ಹೋಗಿ ಹೆಚ್ಚಿನವರು ಸೋಲುತ್ತಾರೆ. ದೋಣಿ ಪಾಲಿಥಿನ್‌ನದು, ಯಾವ ರಬ್ಬರ್ ಗೋಂದೂ ಅದರ ಮೇಲೆ ನಿಲ್ಲುವುದಿಲ್ಲ. ಫೋಮನ್ನು ತೆಳು ಪ್ಲಾಸ್ಟಿಕ್ ಹಲಗೆಗೆ ಅಂಟಿಸಿ, ಹಲಗೆಯನ್ನು ದೋಣಿಯ ಕೊಂಡಿಗಳಿಗೆ ಪಟ್ಟಿಯಿಂದ ಬಿಗಿಯಿರಿ. ನೆನಪಿಡಿ, ದೋಣಿಗೆ ಕಟ್ಟುವುದು ಹಲಗೆಯನ್ನು, ಮನುಷ್ಯನನ್ನಲ್ಲ. ತೊಡೆಯ ಮೇಲೆ ಹಾಯುವ ಪಟ್ಟಿ ಬೇಕೇ ಬೇಕೆನಿಸಿದರೆ ಅದು ವೆಲ್ಕ್ರೋ ಆಗಿರಲಿ, ಒಂದೇ ಕೈಯಲ್ಲಿ ಒಂದೇ ಎಳೆತಕ್ಕೆ ಬಿಚ್ಚಲಿ. ಬಕಲ್, ಹಗ್ಗ, ಗಂಟು ಇವು ಯಾವುವೂ ಬೇಡ.

ಇನ್ನು ದೋಣಿಯ ವಾಲಿಕೆ. ಒಂದು ಕಾಲಿನವರ ದೋಣಿ ಇರುವ ಕಾಲಿನ ಕಡೆಗೆ ವಾಲಿದರೆ ಎದುರು ಬದಿಗೆ ಒಂದೆರಡು ಲೀಟರಿನ ನೀರಿನ ಬಾಟಲಿ ಕಟ್ಟಿ ನೋಡಿ; ಸ್ಟಂಪ್ ಎತ್ತರದಲ್ಲಿದ್ದರೆ ಇನ್ನೊಂದು ಬೇಕಾಗಬಹುದು. ಎರಡೂ ಕಾಲಿಲ್ಲದವರ ತೂಕವೆಲ್ಲ ಸೀಟಿನ ಮೇಲೇ ಕೂರುವುದರಿಂದ ದೋಣಿಯ ಮೂತಿ ಮೇಲೇಳುತ್ತದೆ, ಸಣ್ಣ ಗಾಳಿಗೂ ದೋಣಿ ತಿರುಗಿಬಿಡುತ್ತದೆ. ಸೀಟನ್ನು 10–15 ಸೆಂ.ಮೀ. ಮುಂದೆ ಸರಿಸಿ. ಸರಿಸಲು ಬಾರದಿದ್ದರೆ ಮೂತಿಯಲ್ಲಿ 5 ಲೀಟರ್ ನೀರಿನ ಕ್ಯಾನ್ ಬಿಗಿದು ಕಟ್ಟಿ. ನೀರೇ ಆದರೆ ಮಗುಚಿದಾಗಲೂ ಕ್ಯಾನ್ ಮುಳುಗುವುದಿಲ್ಲ. ಕಲ್ಲು ಮರಳು ತುಂಬಬೇಡಿ.

ಹತ್ತುವುದು

ಇಬ್ಬರು ಸಹಾಯಕರು ಬೇಕು, ಮಾತಾಡುವವರು ಒಬ್ಬರೇ. 'ಮೂರು ಅಂದಾಗ ಎತ್ತುವುದೋ, ಮೂರಾದ ಮೇಲೋ' ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ನಗು ಬರಬಹುದು, ಆದರೆ ಎಷ್ಟೋ ಸಲ ಜಾರುವುದು ಈ ಗೊಂದಲದಿಂದಲೇ.

1. ದಕ್ಕೆಯಾದರೆ ದೋಣಿಯನ್ನು ಅಂಚಿಗೆ ಸಮಾನಾಂತರವಾಗಿ, ಮೂತಿಗೂ ಹಿಂಬದಿಗೂ ಒಂದೊಂದು ಹಗ್ಗ ಕಟ್ಟಿ ನಿಲ್ಲಿಸಿ. ಮರಳ ದಂಡೆಯಾದರೆ ಮೊಣಕಾಲುದ್ದ ನೀರಿನಲ್ಲಿ ಪೂರ್ತಿ ತೇಲುವಂತಿರಲಿ. ಅರ್ಧ ನೆಲ ಅರ್ಧ ನೀರಿನಲ್ಲಿರುವ ದೋಣಿ ಕೂತ ಕ್ಷಣ ಪಕ್ಕಕ್ಕೆ ಹೊರಳುತ್ತದೆ.

2. ಮರಳಿನ ಮೇಲೆ ಗಾಲಿಕುರ್ಚಿಗೆ ಪ್ಲೈವುಡ್ ಹಲಗೆ ಅಥವಾ ನಾರಿನ ಚಾಪೆ ಹಾಸಿ. ಊರುಗೋಲಿನ ತುದಿಗೆ ಅಂಗೈ ಅಗಲದ ಮರದ ಬಿಲ್ಲೆ ಬಿಗಿದರೆ ಹೂತುಹೋಗುವುದಿಲ್ಲ.

3. ಕುರ್ಚಿಯ ಮೇಲೆ ಕೂತೇ ಕೃತಕ ಕಾಲು ಬಿಚ್ಚಿ, ಲೈನರ್ (ಸ್ಟಂಪಿಗೆ ತೊಡುವ ಸಿಲಿಕೋನ್ ಚೀಲ) ಒಳಗಿಟ್ಟು, ಬಾಯಿ ಮಡಚಿ ಮುಚ್ಚುವ ಜಲನಿರೋಧಕ ಚೀಲಕ್ಕೆ ಹಾಕಿ. ದಡದಲ್ಲಿ ಯಾರ ಬಳಿ ಇರುತ್ತದೆ ಎಂದು ಹೆಸರು ಹಿಡಿದು ಹೇಳಿ.

4. ಅಂಚಿಗೆ ಫೋಮ್ ಚಾಪೆ ಹಾಸಿ ಅದರ ಮೇಲೆ ಕೂರಿ. ದಕ್ಕೆ ದೋಣಿಯ ಸೀಟಿಗಿಂತ 30 ಸೆಂ.ಮೀ.ಗಿಂತ ಹೆಚ್ಚು ಎತ್ತರವಿದ್ದರೆ ನೇರ ಇಳಿಯಬೇಡಿ. ನಡುವೆ ಒಂದು ಮೆಟ್ಟಿಲೋ ಗಟ್ಟಿ ಸ್ಟೂಲೋ ಬೇಕು.

5. ಒಬ್ಬ ಸಹಾಯಕ ನೀರಿನಲ್ಲಿ ಹೊರಬದಿಗೆ ನಿಂತು ದೋಣಿಯ ಅಂಚನ್ನು ತನ್ನತ್ತ ಏಳದಂತೆ ಒತ್ತಿ ಹಿಡಿಯಲಿ. ಇನ್ನೊಬ್ಬರು ನಿಮ್ಮ ಹಿಂದೆ ಇದ್ದು ಸೊಂಟದ ಬಳಿ ಹಿಡಿಯಲಿ. ಕಂಕುಳಲ್ಲಿ ಕೈ ಹಾಕಿ ಎತ್ತುವುದು, ಸ್ಟಂಪ್ ಹಿಡಿಯುವುದು ಎರಡೂ ನಿಷಿದ್ಧ.

6. ಇರುವ ಪಾದವನ್ನು ದೋಣಿಯ ಮಧ್ಯರೇಖೆಯಲ್ಲಿಡಿ. ಒಂದು ಕೈ ದಕ್ಕೆಯ ಮೇಲೆ, ಇನ್ನೊಂದು ಸೀಟಿನ ಆಚೆ ಅಂಚಿನ ಮೇಲೆ. ಕೈಗಳನ್ನು ಊರಿ ದೇಹ ಎತ್ತಿ, ಸರಿದು, ಕೂರಿ. ಎರಡೂ ಕಾಲಿಲ್ಲದವರು ಸೀಟಿಗೆ ಬೆನ್ನು ಕೊಟ್ಟು ಹಿಂದಕ್ಕೆ ಸರಿಯುವುದು ಸುಲಭ. ಜಾರಿಕೊಂಡು ಹೋಗಬೇಡಿ, ಪ್ಲಾಸ್ಟಿಕ್ ಅಂಚು ಚರ್ಮ ತರಚುತ್ತದೆ. ದಪ್ಪ ಚಡ್ಡಿ ಇರಲಿ, ಅದರ ಹೊಲಿಗೆ ಸ್ಟಂಪಿನ ಕೆಳಗೆ ಬರದಿರಲಿ.

7. ಹುಟ್ಟು ಕೈಗೆ ಬರುವುದು ಕೊನೆಗೆ, ನೀವು ನೆಟ್ಟಗೆ ಕೂತ ಮೇಲೆ.

ಇಳಿಯುವುದು ಇದಕ್ಕಿಂತ ಕಷ್ಟ. ತೋಳು ದಣಿದಿರುತ್ತದೆ, ಈಗ ಮೇಲಕ್ಕೆ ಎತ್ತಬೇಕು. ಹಾಗಾಗಿ 'ಇನ್ನೂ ಒಂದು ಸುತ್ತು ಹೊಡೆಯಬಹುದು' ಅನ್ನಿಸುವಾಗಲೇ ಮರಳಿ.

ಮಗುಚಿದಾಗ

ಮೊದಲ ದಿನವೇ ಎದೆಮಟ್ಟದ ನೀರಿನಲ್ಲಿ ಬೇಕೆಂದೇ ಮಗುಚಿ ಅಭ್ಯಾಸ ಮಾಡಿ. ಮೇಲೆ ಕೂರುವ ದೋಣಿ ನಿಮ್ಮನ್ನು ತಾನಾಗಿ ಹೊರಹಾಕುತ್ತದೆ. ದೋಣಿಯನ್ನು ನೆಟ್ಟಗೆ ಮಾಡಿ. ಎರಡು ಕಾಲಿನವರು ಪಕ್ಕದಿಂದ ಕಾಲು ಬಡಿದು ಹತ್ತುತ್ತಾರೆ. ಒಂದು ಕಾಲು ಬಡಿದರೆ ದೇಹ ಉರುಳುತ್ತದೆ, ಎರಡೂ ಇಲ್ಲದಿದ್ದರೆ ಬಡಿಯಲು ಏನೂ ಇಲ್ಲ. ಅದಕ್ಕೆ ಹಿಂಬದಿಯಿಂದ ಹತ್ತಿ: ಅಲ್ಲಿ ದೋಣಿ ತಗ್ಗಾಗಿ, ಕಿರಿದಾಗಿ ಇರುತ್ತದೆ. ಹೊಟ್ಟೆಯ ಮೇಲೆ ಮಲಗಿ, ದೋಣಿಯನ್ನು ತೊಡೆಗಳ ನಡುವೆ ಇಟ್ಟುಕೊಂಡು ತೆವಳಿ ಸೀಟಿನವರೆಗೆ ಬನ್ನಿ, ಆಮೇಲೆ ತಿರುಗಿ ಕೂರಿ. ಸೀಟಿನ ಹಿಂದಿನ ಕೊಂಡಿಗೆ ಒಂದೂವರೆ ಅಡಿ ಉದ್ದದ ಅಗಲ ಪಟ್ಟಿಯ ಹಿಡಿಕೆ ಕಟ್ಟಿದ್ದರೆ ಎಳೆದುಕೊಳ್ಳಲು ಅನುಕೂಲ. ಜೊತೆಯ ದೋಣಿಯವರು ಮೂತಿಯ ಮೇಲೆ ಭಾರ ಹಾಕಿ ಹಿಡಿಯಲಿ. ಮೂರು ಪ್ರಯತ್ನಕ್ಕೂ ಆಗದಿದ್ದರೆ ಹತ್ತುವುದನ್ನು ಬಿಟ್ಟು, ದೋಣಿ ಹಿಡಿದು ತೇಲುತ್ತಾ ಎಳೆಸಿಕೊಂಡು ದಡ ಸೇರಿ.

ಎಲ್ಲಿ, ಯಾವಾಗ

ಹರಿಯದ ನೀರಿನಿಂದ ಆರಂಭಿಸಿ. ಸಾಗರ ಬಳಿಯ ಹೊನ್ನೆಮರಡುವಿನಲ್ಲಿ ಲಿಂಗನಮಕ್ಕಿ ಹಿನ್ನೀರು ಬೆಳಗಿನ ಹೊತ್ತು ಕನ್ನಡಿಯಂತಿರುತ್ತದೆ. ಕರಾವಳಿಯಲ್ಲಿ ಮೂಲ್ಕಿಯ ಶಾಂಭವಿ, ಸಾಲಿಗ್ರಾಮದ ಬಳಿ ಸೀತಾ ನದಿ, ಹೊನ್ನಾವರದ ಶರಾವತಿ ಕಾಂಡ್ಲಾ ಕಾಡು ಇವೆಲ್ಲ ಎರಡನೇ ಹಂತಕ್ಕೆ ಒಳ್ಳೆಯವು. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಬೆಳಿಗ್ಗೆ ಏಳಕ್ಕೆ ಇಳಿದು, ಕಡಲ ಗಾಳಿ ಏಳುವ ಹನ್ನೊಂದರೊಳಗೆ ಮೇಲೆ ಬನ್ನಿ.

ನದಿಯಲ್ಲಿ ಉಬ್ಬರ ಇಳಿತದ ಲೆಕ್ಕ ಬೇಕು. ತುಂಬು ಉಬ್ಬರಕ್ಕೆ ಒಂದೂವರೆ ಗಂಟೆ ಮುಂಚೆ ಇಳಿಯಿರಿ. ಏರುವ ನೀರು ನಿಮ್ಮನ್ನು ಅಳಿವೆಯಿಂದ ದೂರಕ್ಕೆ, ಮೇಲ್ನದಿಯತ್ತ ಒಯ್ಯುತ್ತದೆ. ಮರಳುವ ಹೊತ್ತಿಗೆ ನೀರು ನಿಂತಿರುತ್ತದೆ, ದಕ್ಕೆಯ ಎತ್ತರ ಕಡಿಮೆಯಾಗಿರುತ್ತದೆ, ಕೆಸರೆಲ್ಲ ಮುಚ್ಚಿರುತ್ತದೆ. ಇಳಿತದಲ್ಲಿ ಬಂದರೆ ಅದೇ ದಕ್ಕೆ ಒಂದು ಮೀಟರ್ ಮೇಲಿರುತ್ತದೆ, ನಡುವೆ ಮೊಣಕಾಲುದ್ದ ಕೆಸರು. ಊರುಗೋಲಿನವರಿಗೆ ಇದೊಂದು ದಿನವಿಡೀ ಉಳಿಯುವ ಸಂಕಟ. ಅಲ್ಲಿನ ಮೀನುಗಾರರನ್ನು ಕೇಳಿ, ಫೋನಿನ ಪಟ್ಟಿಗಿಂತ ಅವರ ಮಾತು ಆ ದಂಡೆಗೆ ಸರಿ.

ಮೊದಲ ಮೂರು ಸಲ 20 ನಿಮಿಷ ಸಾಕು, ಆಮೇಲೆ ಅರ್ಧ ಗಂಟೆ, ಒಂದು ತಿಂಗಳಿಗೆ 45 ನಿಮಿಷ. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಡ. ಊರುಗೋಲು ಬಳಸುವವರ ಭುಜ ಮೊದಲೇ ದುಡಿದು ಸವೆದಿರುತ್ತದೆ, ಅದಕ್ಕೆ ವಿಶ್ರಾಂತಿ ಬೇಕು. ಕಾಲಿಲ್ಲದವರಿಗೆ ಬೆವರಿ ತಣಿಯಲು ಇರುವ ಚರ್ಮವೂ ಕಡಿಮೆ. ಬಾಯಾರುವ ಮುಂಚೆಯೇ ಉಪ್ಪು ಬೆರೆಸಿದ ಮಜ್ಜಿಗೆಯೋ ಓಆರ್‌ಎಸ್ಸೋ ಕುಡಿಯಿರಿ.

ಕೈ ಇಲ್ಲದವರಿಗೆ

ಮೊಣಕೈ ಕೆಳಗೆ ಕತ್ತರಿಸಿದ್ದರೆ ಹುಟ್ಟಿನ ಕೋಲು ಕೂರುವಂತೆ ಸಾಕೆಟ್ ತುದಿಗೆ ಅರ್ಧ ಸೀಳಿದ ಪಿವಿಸಿ ಪೈಪಿನ ಬಟ್ಟಲು ಮಾಡಿಸಿ, ಮೇಲಿಂದ ಸೈಕಲ್ ಟ್ಯೂಬಿನ ಒಂದು ಸುತ್ತು ಹಾಕಿ. ಜೋರಾಗಿ ಮೇಲಕ್ಕೆ ಎಳೆದರೆ ಹುಟ್ಟು ಕಳಚಿ ಬರಬೇಕು, ದಡದಲ್ಲೇ ಹತ್ತು ಸಲ ಎಳೆದು ನೋಡಿ. ಹುಟ್ಟಿನ ಎರಡೂ ಎಲೆ ಒಂದೇ ನೇರಕ್ಕಿರಲಿ; ತಿರುಚಿದ ಎಲೆಗೆ ಮಣಿಕಟ್ಟು ತಿರುಗಿಸಬೇಕಾಗುತ್ತದೆ, ಅದು ಇಲ್ಲಿಲ್ಲ. ಭುಜದ ಬಳಿ ಕತ್ತರಿಸಿದವರಿಗೆ ಇಬ್ಬರು ಕೂರುವ ದೋಣಿ ಮೊದಲು, ಹುಟ್ಟನ್ನು ಆಧರಿಸುವ ತಿರುಗಣೆ ಆಮೇಲೆ.

ನೀರಿನಿಂದ ಬಂದ ಮೇಲಿನ ಒಂದು ಗಂಟೆ

ಕೊಳದಲ್ಲೋ ಮಗುಚಿದಾಗಲೋ ಸ್ಟಂಪ್ ನೀರಿನೊಳಗಿದ್ದಷ್ಟು ಹೊತ್ತು ನೀರಿನ ಒತ್ತಡ ಅದನ್ನು ಸುತ್ತಲಿಂದ ಹಿಡಿದಿರುತ್ತದೆ. ಮೇಲೆ ಬಂದು ಹಾಗೇ ಬಿಟ್ಟರೆ ಬಾವು ಏರುತ್ತದೆ, ಚಹಾ ಕುಡಿದು ಮುಗಿಸುವಷ್ಟರಲ್ಲಿ ಸಾಕೆಟ್ ಹಿಡಿಸುವುದಿಲ್ಲ. ಸಿಹಿನೀರಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ಕನ್ನಡಿಯಲ್ಲಿ ನೋಡಿ, ಕೂಡಲೇ ಬಿಗಿ ಕಾಲುಚೀಲ ಹಾಕಿ ಅಥವಾ ಕ್ರೇಪ್ ಬ್ಯಾಂಡೇಜನ್ನು ಎಂಟರ ಆಕಾರದಲ್ಲಿ ಸುತ್ತಿ. ತುದಿಯಲ್ಲಿ ಬಿಗಿ, ಮೇಲಕ್ಕೆ ಹೋದಂತೆ ಸಡಿಲ. ಚರ್ಮ ಪೂರ್ತಿ ಒಣಗುವವರೆಗೆ, ಕನಿಷ್ಠ ಅರ್ಧ ಗಂಟೆ, ಲೈನರ್ ಬೇಡ; ನೆಂದ ಚರ್ಮದ ಮೇಲೆ ಸಿಲಿಕೋನ್ ತಿಕ್ಕಿದರೆ ಗುಳ್ಳೆ ಖಂಡಿತ. ಅರ್ಧ ಗಂಟೆಯಾದರೂ ಮಾಸದ ಕೆಂಪು ಕಂಡರೆ ಅಲ್ಲಿನ ಫೋಮ್ ಕೊರೆಯಬೇಕು, ಅದು ಸರಿಯಾಗುವವರೆಗೆ ದೋಣಿಗೆ ರಜೆ.

ಹೆಚ್ಚಿನವರು ಬಿಡುವುದು ಇದನ್ನು: ಬೋರಲು ಮಲಗುವುದು. ಕಯಾಕ್‌ನಲ್ಲಿ ಸೊಂಟ ಮಡಚಿಯೇ ಇರುತ್ತದೆ. ಮೊಣಕಾಲಿನ ಮೇಲೆ ಕತ್ತರಿಸಿದವರಲ್ಲಿ ಸೊಂಟದ ಮುಂದಿನ ಸ್ನಾಯು ಮೊಟಕಾಗುವುದು ಬೇಗ. ಮೊಟಕಾದರೆ ಕೃತಕ ಕಾಲಿನಲ್ಲಿ ನೆಟ್ಟಗೆ ನಿಲ್ಲಲಾಗದು, ಬೆನ್ನು ಬಾಗಿ ನೋವು ಶುರು. ಪ್ರತಿ ಸಲ ಬಂದ ಮೇಲೆ 20 ನಿಮಿಷ ದಿಂಬಿಲ್ಲದೆ ಬೋರಲು ಮಲಗಿ, ಮುಖ ಇರುವ ಕಾಲಿನ ಕಡೆಗೆ ಇರಲಿ. ಇದನ್ನು ತಪ್ಪಿಸಿದರೆ ದೋಣಿ ಕೊಟ್ಟಿದ್ದನ್ನು ಸೀಟು ಕಸಿದುಕೊಳ್ಳುತ್ತದೆ.

ಇಲ್ಲದ ಕಾಲು ನೋಯುವುದು ತಣ್ಣೀರಿನಲ್ಲಿ ಕೆಲವರಿಗೆ ಹೆಚ್ಚುತ್ತದೆ, ಕೆಲವರಿಗೆ ಇಳಿಯುತ್ತದೆ. ಹೆಚ್ಚುವವರು ಸ್ಟಂಪಿಗೆ ನಿಯೋಪ್ರಿನ್ (ಬೆಚ್ಚಗಿಡುವ ರಬ್ಬರ್ ಬಟ್ಟೆ) ಚೀಲ ಹಾಕಿ ನೋಡಲಿ.

ಮುಂದಿನ ಆಟಗಳು

ಒಂದು ಋತು ಕಯಾಕ್ ಮುಗಿಸಿದವರಿಗೆ ಶಾಂಭವಿ–ನಂದಿನಿ ಸೇರುವ ಸಸಿಹಿತ್ಲು ಕಡೆ ಸರ್ಫಿಂಗ್ ಇದೆ. ಎಂಟೊಂಬತ್ತು ಅಡಿಯ ಮೆತ್ತನೆ ಹಲಗೆ, ಬೋರಲು ಮಲಗಿ ಸವಾರಿ. ಹಲಗೆಯ ಹಗ್ಗ ಇರುವ ಕಾಲಿಗೆ, ಎರಡೂ ಇಲ್ಲದವರಿಗೆ ಸೊಂಟಕ್ಕೆ. ಕಾಳಿ ನದಿಯ ರಾಫ್ಟಿಂಗ್‌ನಲ್ಲಿ ಪಾದವನ್ನು ತೆಪ್ಪದ ಅಡ್ಡಟ್ಯೂಬಿನ ಕೆಳಗೆ ಸಿಕ್ಕಿಸಿಯೇ ಎಲ್ಲರೂ ಬೀಳದೆ ಕೂರುವುದು. ಹಾಗಾಗಿ ಇರುವ ಕಾಲು ಒಳಬದಿಗೆ ಬರುವಂತೆ ಕೂರಿ, ಹೊರಬದಿಯ ಕೈಗೆ ಹಗ್ಗ ಸಿಗುವಂತಿರಲಿ. ಎರಡೂ ಕಾಲಿಲ್ಲದವರು ತೆಪ್ಪದ ತಳದಲ್ಲಿ ಕೂರಬೇಕು, ಅಂಚಿನ ಮೇಲಲ್ಲ. ನೇತ್ರಾಣಿಯ ಸ್ಕೂಬಾಕ್ಕೆ ವೈದ್ಯರ ಲಿಖಿತ ಒಪ್ಪಿಗೆ ಬೇಕು. ಒಂದೇ ರೆಕ್ಕೆಯಲ್ಲಿ (ಈಜಲು ಪಾದಕ್ಕೆ ತೊಡುವ ಫಿನ್) ಒದ್ದರೆ ನೇರ ಹೋಗದೆ ಸುತ್ತು ಬರುತ್ತೀರಿ, ಅದಕ್ಕೆ ಜಾಲದ ಬೆರಳಿರುವ ಕೈಗವಸು ಹಾಕಿ ತೋಳಿನಿಂದ ಈಜುವುದನ್ನು ಕೊಳದಲ್ಲೇ ಕಲಿತು, ತೂಕದ ಪಟ್ಟಿಯ ಸೀಸವನ್ನು ಕಾಲಿಲ್ಲದ ಬದಿಗೆ ಒಂದೊಂದಾಗಿ ಸರಿಸುತ್ತಾ ದೇಹ ಮಟ್ಟಸವಾಗುವ ಜಾಗವನ್ನು ಗುರುತು ಮಾಡಿಟ್ಟುಕೊಳ್ಳಿ.